ಒಂದು ಹಲ್ಲು

ವಾಸ್ಕೋದ ಮಾಂಗೋರ್ ಗುಡ್ಡ, ಭಾನುವಾರ.
ವ್ಯಾಗನಾರಿನ ಬಾನೆಟ್ಟಿಗೆ ಮುರಿದ ಕೊಡೆಯೇ ಊರುಗೋಲು.
ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಚ್ಚುವಂತಿಲ್ಲ,
ಇದಕ್ಕಿಷ್ಟು, ಅದಕ್ಕಿಷ್ಟು,
ಮುನಿದವರ ಬಾಯಿ ಬಿಡಿಸಿದ ಹಾಗೆ.

ಚೈನು ಒಳಗೆ ಬೀಳದಿರಲೆಂದು
ನನ್ನ ಲಂಗದ ಲಾಡಿಯಿಂದಲೇ ಕಟ್ಟಿದೆ.
ಗೋಡೆಯಾಚೆ ಕಾಯ್ತಾನ್ ನಕ್ಕ,
ನಕ್ಕು, ತನ್ನ ಟಾರ್ಕ್ ಪಾನ ದಾಟಿಸಿದ.

ಹಳೆಯ ಕ್ಯಾಮ್‌ಶಾಫ್ಟು ಎರಡೂ ಹೊರಬಂದವು.
ಒಂದರ ಮೊಟ್ಟೆ ಸವೆದು ಗೋಲಿಯಾಗಿದೆ.
ಇಷ್ಟು ದಿನ ಟಕಟಕ ಅಂದದ್ದು ಇದೇ,
ಎದುರುಮನೆ ದ್ಯಾಮವ್ವ
ಹೊಲಿಗೆ ಯಂತ್ರ ಕೊಂಡೆಯಾ ಎಂದು ಕೇಳಿದ್ದು.

ಎಣ್ಣೆ ಸವರಿ ಹೊಸವನ್ನು ಕೂರಿಸಿದೆ.
ಕೀಲಿ ಮುಟ್ಟದೆ, ಪಾನ ಹಾಕಿ
ಕೈಯಲ್ಲೇ ಎರಡು ಸುತ್ತು.
ಗುರುತಿಗೆ ಗುರುತು ಕೂಡಲಿಲ್ಲ.
ಒಂದು ಹಲ್ಲು ತಪ್ಪಿದೆ.

ಇಗರ್ಜಿಯ ಗಂಟೆ ಏಳು ಹೊಡೆಯಿತು.
ಲಾಡಿ ಎಲ್ಲಿಟ್ಟೆ?