ಲೊಚ್

ಅಮ್ಮತ್ತಿಯ ನನ್ನ ಹೊಲಿಗೆ ಅಂಗಡಿಗೆ
ಮಾರ್ಚಿನಲ್ಲಿ ಬಂದಿದ್ದ ಸಜನ್,
ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಟ್ಯಾಬು.
"ಇಪ್ಪತ್ತೈದು ವರ್ಷ ಆಂಟಿ, ಕಣ್ಣು ಮುಚ್ಚಿ ಹಾಕಿಸಿ" ಅಂದ.
ಗೋಡೆಯ ಮೇಲೆ ಹಲ್ಲಿ ಲೊಚ್ ಅಂದಿತು.
"ನೋಡು, ಸತ್ಯ" ಅಂದಳು
ರವಿಕೆಗೆ ಅಳತೆ ಕೊಡುತ್ತಿದ್ದ ದೇಚವ್ವ.
ಸಹಿ ಹಾಕಿದೆ.

ಆಮೇಲೆ ಮೂರು ತಿಂಗಳು
ಕರೆಂಟು ಹೋದದ್ದೇ ಗೊತ್ತಾಗಲಿಲ್ಲ, ಸುಳ್ಳು ಹೇಳಬಾರದು.
ಪೇಟೆಯೆಲ್ಲ ಕತ್ತಲಾದಾಗ ನನ್ನ ಸೂಜಿ ಮಾತ್ರ
ಟಕಟಕ ನಡೆಯುತ್ತಿತ್ತು,
ಸ್ವಲ್ಪ ಜಂಬದಿಂದಲೇ.

ಕಕ್ಕಡದಲ್ಲಿ ನಿಂತಿತು.
ಕೈಲ್ ಪೊಳ್ದ್‌ಗೆ ಒಪ್ಪಿಕೊಂಡ ಬಟ್ಟೆ ಮೇಜಿನ ತುಂಬ.
ಕನ್ನಡಕ್ಕಾಗಿ ನಾಲ್ಕು ಒತ್ತಿದೆ,
ದೂರಿಗಾಗಿ ಎರಡು,
ಕೊಳಲು ಕೇಳಿದೆ, ಮತ್ತೆ ಅದೇ ಕೊಳಲು.
ಸಜನ್ ಈಗ ಕಂಪನಿಯಲ್ಲಿ ಇಲ್ಲವಂತೆ,
ಮೈಸೂರಿನಲ್ಲಿ ಕಾರು ಮಾರುತ್ತಾನಂತೆ.

ಹದಿನೇಳನೆಯ ದಿನ ಬಂದವನು
ಇನ್ವರ್ಟರಿನ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟ:
ಹಸಿರು ಹಲಗೆಗೆ ಕರಕಾಗಿ ಅಂಟಿತ್ತು
ಬೆಚ್ಚನೆ ಜಾಗ ಹುಡುಕಿ ಒಳಹೋದ ಹಲ್ಲಿ,
ನಾಲ್ಕೂ ಕಾಲು ಚಾಚಿ.
"ಹಲ್ಲಿ ವಾರಂಟಿಯಲ್ಲಿ ಬರಲ್ಲ ಮೇಡಂ."
ಫೋಟೋ ತೆಗೆದ, ಹೋದ.

ರಾತ್ರಿ ಮೊಂಬತ್ತಿ ಹಚ್ಚಿ
ಸೂಜಿಗೆ ದಾರ ಪೋಣಿಸುವ ಕನ್ನಡಕದಲ್ಲಿ
ಕಾಗದದ ಸಣ್ಣಕ್ಷರ ಓದಿದೆ.
ಯಾವುದಕ್ಕೆಲ್ಲ ಹೊಣೆಯಲ್ಲ ಎಂಬ ಪಟ್ಟಿ:
ಇಲಿ ಇತ್ತು, ಇರುವೆ ಇತ್ತು,
ಸಿಡಿಲು, ಪ್ರವಾಹ, ಯುದ್ಧವೂ ಇತ್ತು.
ಹಲ್ಲಿಯ ಹೆಸರು ಎಲ್ಲೂ ಇಲ್ಲ.

ನಾಳೆ ಮತ್ತೆ ನಾಲ್ಕು ಒತ್ತುತ್ತೇನೆ.
ಅಲ್ಲಿಯವರೆಗೆ ಅಮ್ಮನ ಹಳೆಯ ಮೆಷಿನ್ನು,
ತುಳಿದಷ್ಟು ಹೊಲಿಗೆ.

ಆ ಮಾತಿಗೆ ಸಾಕ್ಷಿ ನುಡಿದದ್ದು ಅದೊಂದೇ ಜೀವ.
ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.