ಹೊಳ್ಳಿ ಯಾವಾಗ ಕೊಡೂದು

ಬೆಟಗೇರಿ. ಮೂರನೇತ್ತೆ. ಕಿಟಕಿಯಾಚೆ ಕೈಮಗ್ಗ:
ಖಟ್, ಖಟ್, ನಡುವೆ ಒಂದು ಉಸಿರು,
ಮತ್ತೆ ಖಟ್.
ನಾನು ಲೆಕ್ಕದ ಪಟ್ಟಿ ತಿದ್ದುತ್ತ ಕೂತಿದ್ದೆ.

ಐವತ್ತೆರಡರಾಗ ಇಪ್ಪತ್ತೇಳು ಕಳೆದರೆ
ಮೂವತ್ತೈದು ಅಂತ ಬರೆದಿದ್ದಳು ದಾನೇಶ್ವರಿ.
ಮೌಲಾಲಿಯದೂ ಮೂವತ್ತೈದು.
ಇಪ್ಪತ್ತಾರು ಪಟ್ಟಿಯಲ್ಲಿ ಹತ್ತೊಂಬತ್ತು ಮೂವತ್ತೈದು.
ನಕಲು ಅಂದುಕೊಂಡೆ ಮೊದಲು.
ಕೆಂಪು ಪೆನ್ನು ಗೀಟು ಎಳೆಯುವ ಮುನ್ನ
ಯಾಕೋ ಕೇಳಿದೆ: "ಹೆಂಗ ಬಂತು, ಹೇಳ ನೋಡೂನು?"

"ಏಳರಾಗ ಎರಡು ಹೋದ್ರ ಐದು.
ಐದರಾಗ ಎರಡು ಹೋದ್ರ ಮೂರು."
"ಮ್ಯಾಗಿಂದರಾಗ ಕೆಳಗಿಂದು ಕಳಿಯೂದಲ್ಲೇನ?"
"ನೀವ ಹೇಳಿದ್ರೆಲ್ರೀ ಟೀಚರ್,
ಹ್ವಾದ ವರ್ಷ, ಎರಡನೇತ್ತ್ಯಾಗ,
ಯಾವಾಗ್ಲೂ ದೊಡ್ಡದರಾಗ ಸಣ್ಣದು ಕಳೀಬೇಕು ಅಂತ."

ಲಾಳಿ ಅತ್ತಿಂದಿತ್ತ ದಾಟುವಷ್ಟು ಹೊತ್ತು
ನಾನು ಸುಮ್ಮನಿದ್ದೆ.
ಹೌದು, ನನ್ನದೇ ಮಾತು.
ಶ್ರಾವಣದ ಒಂದು ಶನಿವಾರ, ಗಂಟೆ ಹೊಡೆಯುವ ಅವಸರದಲ್ಲಿ
ಸುಲಭವಾಗಲಿ ಎಂದು ಎಸೆದ ಅರ್ಧ ಸತ್ಯ.
ವರ್ಷಪೂರ್ತಿ ಹತ್ತೊಂಬತ್ತು ತಲೆಗಳಲ್ಲಿ
ಅದು ರಜೆ ಹಾಕದೆ ದುಡಿದಿದೆ.
ಇವರು ಲೆಕ್ಕ ತಪ್ಪಿಲ್ಲ.
ನಾನು ಹೇಳಿದ ಲೆಕ್ಕವನ್ನೇ ಮಾಡಿದ್ದಾರೆ.

ಪೆನ್ನಿಗೆ ಟೊಪ್ಪಿಗೆ ಹಾಕಿದೆ.

ಮರುದಿನ ತೊಗರಿಕಟ್ಟಿಗೆ ತಂದೆ, ಗೇಣುದ್ದಕ್ಕೆ ಮುರಿದು.
ದಾನೇಶ್ವರಿ ಮನೆಯಿಂದ ನೂಲು ತಂದಳು,
ದಡಿ ನೇಯ್ದು ಉಳಿದ ಕೆಂಪು.
ಹತ್ತು ಹತ್ತು ಎಣಿಸಿ ಕಟ್ಟಿದೆವು.
ಐದು ಕಟ್ಟು, ಎರಡು ಬಿಡಿ.
"ಏಳು ಬಿಡಿ ಕೊಡ್ರಿ ನನಗ."
ಇಲ್ಲ. ಎರಡೇ ಅವ.
"ಹಂಗಾದ್ರ ಹತ್ತರ ಮನಿಯಿಂದ ಒಂದು ಕಡಾ ತರೂನು,"
ಅಂದೆ, ನನಗೆ ಕಲಿಸಿದವರು ಅಂದ ಹಾಗೆಯೇ.

ಮೌಲಾಲಿ ಕೈ ಎತ್ತಿದ.
ಅಜ್ಜಿಯ ಕಿರಾಣಿ ಅಂಗಡಿಯಲ್ಲಿ
ಸಂಜೆ ಉದ್ರಿ ಪುಸ್ತಕ ಬರೆಯುವವನು ಅವನೇ.
"ಟೀಚರ್, ಕಡಾ ತಂದದ್ದು
ಹೊಳ್ಳಿ ಯಾವಾಗ ಕೊಡೂದ್ರೀ?"

ಇಪ್ಪತ್ತೆರಡು ವರ್ಷ ಸುಣ್ಣದ ಪುಡಿ ಉಸಿರಾಡಿದ್ದೇನೆ.
ಯಾವ ತರಬೇತಿಯಲ್ಲೂ ಯಾರೂ ಕೇಳಿರಲಿಲ್ಲ ಇದನ್ನು,
ನಾನೂ ಸಹ.
ಕೊಡುವುದಿಲ್ಲಪ್ಪಾ. ಎಂದೂ ಕೊಟ್ಟಿಲ್ಲ.
ಯಾರ ಬಾಗಿಲೂ ಬಡಿದಿಲ್ಲ ನಾವು,
ನಮ್ಮದೇ ಗಂಟು, ನಾವೇ ಬಿಚ್ಚಿದ್ದು.

"ಅಂದ್ರ ಚಿಲ್ಲರ ಮಾಡಿಸಿಧಂಗ," ಅಂದ ತಾನೇ.
ಹೂಂ. ಚಿಲ್ಲರ ಮಾಡಿಸಿಧಂಗ.

ನೂಲು ಹರಿಯಲು ಒಪ್ಪಲಿಲ್ಲ ನೇಕಾರರ ಮಗಳು.
ಉಗುರ ತುದಿಯಿಂದ ಗಂಟನ್ನು ಮೆಲ್ಲಗೆ ಒಲಿಸಿ
ಕಡ್ಡಿಗಳನ್ನು ನೆಲಕ್ಕೆ ಹರಡಿದಳು, ಎಣಿಸಿದಳು.
ಹತ್ತು.
ಮತ್ತೊಮ್ಮೆ ಎಣಿಸಿದಳು.
"ಬಿಚ್ಚಿದ ಮ್ಯಾಲೂ ಹತ್ತ ಐತ್ರಿ!"
ಮೂರನೇ ಸಲ, ಈಗ ಹಿಂದಿನಿಂದ ಮುಂದಕ್ಕೆ.
ಪಾಠಯೋಜನೆಯಲ್ಲಿ ಇದಕ್ಕೆಲ್ಲ ಒಂದೇ ಅವಧಿ.
ಎಣಿಸಲಿ ಎಂದು ಬಿಟ್ಟೆ.

ಹನ್ನೆರಡರಾಗ ಏಳು ಹೋಗಿ ಐದು,
ನಾಲ್ಕು ಕಟ್ಟಿನಾಗ ಎರಡು ಹೋಗಿ ಎರಡು.
ಇಪ್ಪತ್ತೈದು ಅಂದವರು ಹದಿನಾರು ಮಂದಿ.
ಕಿಟಕಿ ಪಕ್ಕದ ಇಬ್ಬರದು ಇನ್ನೂ ಮೂವತ್ತೈದು.
ಒಬ್ಬ ಕಡ್ಡಿಗಳಿಂದ ಗುಡಿಸಲು ಕಟ್ಟುತ್ತಿದ್ದ,
ಅದಕ್ಕೆ ಎಷ್ಟು ಬೇಕೆಂದು ಅವನಿಗೆ ಸರಿಯಾಗಿ ಗೊತ್ತಿತ್ತು.

ಆಗಲೇ ಗೋಡೆಯಾಚೆ ಎರಡನೇತ್ತೆಯಿಂದ
ಹೊಸ ಟೀಚರ್ ನೀಲಗಂಗಾಳ ಎಳೆಯ ದನಿ:
"ನೆನಪಿಟ್ಟುಕೊಳ್ರಿ ಮಕ್ಕಳೇ, ಯಾವಾಗ್ಲೂ..."
ಮೂವತ್ತು ಬಾಯಿ ಒಟ್ಟಿಗೆ: "ಯಾವಾಗ್ಲೂ..."

ಎದ್ದು ಅವಳ ಬಾಗಿಲಿಗೆ ಹೋದೆ.
ಏನು ಹೇಳಬೇಕು ಹೊಳೆಯಲಿಲ್ಲ.
ಕೈಯಲ್ಲಿ ಒಂದು ಕಟ್ಟಿತ್ತು, ಗಂಟು ಸಡಿಲ.