ಬೇರಿನ ಲೆಕ್ಕ ಬೇರೆ

ಐತಪ್ಪ ಬಂದವನು ಮೊದಲು ಮರ ನೋಡಲಿಲ್ಲ,
ಓಣಿ ನೋಡಿದ.
‘ಕ್ರೇನ್ ಬರುವುದಿಲ್ಲ ಮಾರಾಯ್ರೆ. ಹಗ್ಗದಲ್ಲೇ ಇಳಿಸಬೇಕು,
ತುಂಡು ತುಂಡು, ಮಗು ಇಳಿಸಿದ ಹಾಗೆ.’
ಆಮೇಲೆ ತಲೆ ಎತ್ತಿದ.

ಮರೋಳಿಯ ಐದು ಸೆಂಟ್ಸಿನಲ್ಲಿ ನಮ್ಮದು ಅಂತ ಇದ್ದದ್ದು
ಒಂದು ಮನೆ, ಒಂದು ಬಾವಿ, ಈ ಹಲಸು.
ಹೋದ ಆಟಿಯ ಗಾಳಿಗೆ ಅದು ಲಿಲ್ಲಿ ಬಾಯಿಯ ಹಂಚಿನ ಮಾಡಿನ ಕಡೆ
ಏನೋ ಕೇಳಲಿಕ್ಕೆ ಬಗ್ಗಿದವರಂತೆ ವಾಲಿತು.
ಅವರೇನೂ ಜಗಳಕ್ಕೆ ಬರಲಿಲ್ಲ. ಮಂಚವನ್ನು ಮಾತ್ರ
ಆಚೆ ಗೋಡೆಗೆ ಎಳೆದುಕೊಂಡರಂತೆ.
ವಾರಿಜ ಅದನ್ನು ಹೇಳಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷ ಬಿಲ್ ಬರೆದವನು ನಾನು.
ಹೇಳು, ಬರೆಯುತ್ತೇನೆ ಅಂದೆ.
ಕಡಿಯುವುದು, ಇಳಿಸುವುದು, ನಾಲ್ಕು ಜನ, ಎರಡು ದಿನ: ಹದಿನೆಂಟು ಸಾವಿರ.
ಅರ್ಜಿಯ ಓಡಾಟ ನಿಮ್ಮದು. ಕರೆಂಟಿನ ತಂತಿ ಬಿಚ್ಚಿಸುವುದು ನಿಮ್ಮದು.
ದಿಮ್ಮಿಗೆ ಪಡೀಲಿನ ಮಿಲ್ಲಿನವರು ಏಳು ಕೊಟ್ಟಾರು, ಅದನ್ನು ಕಳೆಯಿರಿ.
‘ಬೇರು?’
‘ಬೇರಿನ ಲೆಕ್ಕ ಬೇರೆ.’

ಹನ್ನೊಂದು ಸಾವಿರ ಅಂತ ಗೆರೆ ಎಳೆಯುವಷ್ಟರಲ್ಲಿ
ಅವನು ಕತ್ತಿಯ ಬೆನ್ನಿನಿಂದ ಕಾಂಡಕ್ಕೆ ತಟ್ಟಿದ,
ಡಾಕ್ಟರು ಕೆಮ್ಮಿದವರ ಬೆನ್ನಿಗೆ ತಟ್ಟುವ ಹಾಗೆ.
‘ಮೊಳೆ ಹೊಡೆದಿದ್ದೀರಾ?’

ನನ್ನ ಬಾಯಿಗಿಂತ ಮೊದಲು ವಾರಿಜಳ ಕಣ್ಣು ಹೇಳಿತು.
ಬಟ್ಟೆಯ ಹಗ್ಗಕ್ಕೆ ಎರಡು, ಮದುವೆಯಾದ ವರ್ಷ.
ಮತ್ತೆ ಮಗಳ ಎತ್ತರಕ್ಕೆ, ಹುಟ್ಟುಹಬ್ಬಕ್ಕೊಂದರಂತೆ, ಒಂಬತ್ತು.
ಹತ್ತನೆಯದಕ್ಕೆ ಸುತ್ತಿಗೆ ಹಿಡಿದು ನಿಂತಾಗ
‘ಗೋಡೆಗೆ ಪೆನ್ಸಿಲ್ ಸಾಕಪ್ಪ’ ಅಂದಿದ್ದಳು.
ಮರ ಬೆಳೆದರೆ ಮೊಳೆಯೂ ಮೇಲೆ ಹೋದೀತು ಅಂತ
ನಂಬಿದ್ದ ಪೆದ್ದ ನಾನು.
ಮೇಲೆ ಹೋಗಲಿಲ್ಲ. ಒಳಗೆ ಹೋದವು.
ಒಂದೊಂದನ್ನೂ ತೊಗಟೆ ಸದ್ದಿಲ್ಲದೆ ನುಂಗಿತು.

‘ಗರಗಸದ ಹಲ್ಲು ಹೋಗ್ತದೆ, ಮಿಲ್ಲಿನವರು ಮುಟ್ಟುವುದಿಲ್ಲ.
ಸೌದೆಯ ರೇಟು ಅಷ್ಟೆ. ಸಾವಿರದ ಐನೂರು ಕಳೆಯಿರಿ.’
ಮಗಳು ಮೆಟ್ಟಿಲಲ್ಲಿ ಕೂತು ಫೋನಿನಲ್ಲಿ ಭಾಗಿಸಿದಳು:
‘ಅಪ್ಪಾ, ಒಂದು ಮೊಳೆಗೆ ಐನೂರು.’
ನಮ್ಮ ಅಂಗಡಿಯಲ್ಲಿ ಕಿಲೋಗೆ ತೊಂಬತ್ತು.
ನಾನು ನಕ್ಕೆ. ಅವಳು ನಗಲಿಲ್ಲ,
ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು, ಇಪ್ಪತ್ತರ ಹುಡುಗಿ.
ಸೊಂಟದ ಹತ್ತಿರ ಎಲ್ಲೋ ಅವಳ ಮೂರು,
ಹೆಗಲಿಗಿಂತ ತುಸು ಕೆಳಗೆ ಒಂಬತ್ತು.

ಎರಡನೆಯ ದಿನ ಹನ್ನೊಂದೂವರೆಗೆ ಯಂತ್ರ ಕಿರುಚಿ ನಿಂತಿತು.
ಸರಪಳಿ ತುಂಡು. ಒಂಬೈನೂರು, ಬರೆದುಕೊಂಡೆ.
ಐತಪ್ಪ ಅಂಗೈಯಲ್ಲಿಟ್ಟು ತಂದ: ಎರಡೂವರೆ ಇಂಚು,
ತಲೆ ಕಪ್ಪು, ತುದಿ ಇನ್ನೂ ಹೊಸತು,
ಮೈತುಂಬ ಹಲಸಿನ ಮೇಣ.

ಸಂಜೆ ಲಿಲ್ಲಿ ಬಾಯಿ ಲಕೋಟೆ ಹಿಡಿದು ಬಂದರು.
ಅರ್ಧ, ಎಂಟು ಸಾವಿರದ ಇನ್ನೂರೈವತ್ತು, ಎಣಿಸಿಕೊಳ್ಳಿ.
ಸರಪಳಿಯ ಸುದ್ದಿ ನಾನು ಎತ್ತಲಿಲ್ಲ.
ಗೇಟಿನ ಹತ್ತಿರ ತಿರುಗಿ ಕೇಳಿದರು:
‘ಕೋಣೆಯಲ್ಲಿ ಈಗ ಎಂತಹ ಬಿಸಿಲು ಗೊತ್ತುಂಟಾ?
ಪರದೆಯ ಸರಳು ನಿಮ್ಮಲ್ಲಿ ಎಷ್ಟು?’

ಬೇರು ತೆಗೆಸಲಿಲ್ಲ. ನಾಲ್ಕೂವರೆ ಸಾವಿರ ಅಂದ.
ವಾರಿಜ ಒಗೆದ ಬಟ್ಟೆಯ ಬಕೆಟ್ ತಂದು
ಹಗ್ಗದ ಒಂದು ತುದಿ ಕೈಯಲ್ಲಿ ಹಿಡಿದು
ಹಿತ್ತಿಲಲ್ಲಿ ನಿಂತಿದ್ದಳು, ಸುಮಾರು ಹೊತ್ತು.

ಮರುದಿನ ಆ ಮೊಳೆಯನ್ನು ಅಂಗಡಿಗೆ ಒಯ್ದು
ದೊಡ್ಡ ತಕ್ಕಡಿಯಲ್ಲಿಟ್ಟೆ, ಯಾಕೋ.
ಮುಳ್ಳು ಅಲುಗಲಿಲ್ಲ.
ಎದುರು ಗಿರಾಕಿ ಕಾಯುತ್ತಿದ್ದ.
‘ಎಷ್ಟಾಯ್ತು?’ ಅಂದ.